ಮೀನುಗಳ ಗೃಹಪ್ರವೇಶ

ಹೊಸ ಗಾಜಿನ ತೊಟ್ಟಿಗೆ ನೀರು ತುಂಬಿದ ಮಾತ್ರಕ್ಕೆ ಅದು ಮೀನಿಗೆ ಮನೆಯಾಗುವುದಿಲ್ಲ. ಮೀನಿಗಿಂತ ಮೊದಲು ಅಲ್ಲಿ ಕಣ್ಣಿಗೆ ಕಾಣದ ಒಕ್ಕಲೊಂದು ನೆಲೆಸಬೇಕು.

ಭಾನುವಾರದ ಸಂಜೆ. ಬೆಂಗಳೂರಿನ ಬಡಾವಣೆಯೊಂದರ ಆ ಮನೆಯಲ್ಲಿ ಹಬ್ಬದ ಸಂಭ್ರಮ. ನಡುಮನೆಯಲ್ಲಿ, ಪುಸ್ತಕದ ಬೀರುವಿನ ಪಕ್ಕಕ್ಕೆ, ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದು ಬಂದು ಕುಳಿತಿದೆ. ತಳದಲ್ಲಿ ತೊಳೆದ ಮರಳು. ಮರಳಿನಲ್ಲಿ ನಾಲ್ಕಾರು ಹಸುರು ಗಿಡಗಳು. ನಲ್ಲಿಯಿಂದ ಹಿಡಿದ ನೀರು ಸ್ಫಟಿಕದಂತೆ ತಿಳಿಯಾಗಿದೆ. ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಆರು ಕಿತ್ತಳೆ ಬಣ್ಣದ ಪ್ಲಾಟಿ ಮೀನುಗಳು ಆ ನೀರಿಗಿಳಿದು ಬಾಲವನ್ನು ಬಳುಕಿಸಿದುವು. ಒಂಬತ್ತು ವರ್ಷದ ಮಗಳು ಆರಕ್ಕೂ ಹೆಸರಿಟ್ಟಳು. ಅಜ್ಜಿ ಮತ್ಸ್ಯಾವತಾರದ ಕಥೆ ಹೇಳಿದರು: ಮನುವಿನ ಬೊಗಸೆಗೆ ಬಂದ ಪುಟ್ಟ ಮೀನು ಬೆಳೆಬೆಳೆದು ಪಾತ್ರೆಯನ್ನು ತುಂಬಿ, ಕೊಳವನ್ನು ತುಂಬಿ, ಕಡೆಗೆ ಕಡಲನ್ನು ಸೇರಿದ ಕಥೆ.

ಮೂರನೆಯ ದಿನ ನೀರು ಹಾಲು ಬೆರೆಸಿದಂತೆ ಮಬ್ಬಾಯಿತು. ಐದನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದುವು. "ನೀರು ಕೊಳೆಯಾಗಿದೆ" ಎಂದು ತಾಯಿ ತೊಟ್ಟಿಯನ್ನು ಬರಿದುಮಾಡಿ, ಮರಳನ್ನು ಬಿಸಿನೀರಿನಲ್ಲಿ ಜಾಲಿಸಿ, ಫಿಲ್ಟರಿನ ಸ್ಪಂಜನ್ನು ಸೋಪು ಹಚ್ಚಿ ಹಿಂಡಿ, ಪಾತ್ರೆ ಬೆಳಗುವಷ್ಟೇ ಶ್ರದ್ಧೆಯಿಂದ ಎಲ್ಲವನ್ನೂ ಶುಚಿಗೊಳಿಸಿದರು. ಹೊಸ ನೀರು ಮತ್ತೆ ತಿಳಿಯಾಗಿ ಹೊಳೆಯಿತು. ಹತ್ತನೆಯ ದಿನ ಬೆಳಿಗ್ಗೆ ಕೊನೆಯ ಮೀನನ್ನು ಮಲ್ಲಿಗೆಯ ಕುಂಡದಲ್ಲಿ ಹೂಳಿದರು.

"ಅಪ್ಪಾ, ನಾನು ದಿನಾ ಮರೆಯದೆ ಊಟ ಹಾಕುತ್ತಿದ್ದೆನಲ್ಲ, ಮತ್ತೆ ಏಕೆ ಸತ್ತುಹೋದುವು?"

ತಂದೆಯ ಬಳಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಗಾಜಿನ ತೊಟ್ಟಿ ತಂದ ಬಹುಪಾಲು ಮನೆಗಳ ಮೊದಲ ಅಧ್ಯಾಯವೇ ಹೀಗೆ. ಎಷ್ಟೋ ಮಕ್ಕಳು ಸಾವನ್ನು ಮೊಟ್ಟಮೊದಲು ಕಾಣುವುದು ಈ ನೀರಿನಲ್ಲಿಯೇ. ದೋಷ ಯಾರದು? ಮೀನು ಮಾರಿದವನದೆ? ನಲ್ಲಿಯ ನೀರಿನದೆ? ಹೆಚ್ಚು ಅನ್ನವಿಕ್ಕಿದ ಮಗುವಿನದೆ? ವಿಚಾರಿಸಿ ನೋಡಿದರೆ ಆ ಮನೆಯವರಲ್ಲಿ ಪ್ರೀತಿಗೂ ಕೊರತೆಯಿರಲಿಲ್ಲ, ಶುಚಿತ್ವಕ್ಕೂ ಕೊರತೆಯಿರಲಿಲ್ಲ. ಇಲ್ಲದೆಹೋದದ್ದು ಒಂದೇ: ಅವಕಾಶ. ಕಟ್ಟಿ ಮುಗಿಯದ ಮನೆಗೆ ಅವರು ಅತಿಥಿಗಳನ್ನು ಕರೆತಂದಿದ್ದರು.

ಹರಿವ ನೀರು, ನಿಂತ ನೀರು

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎರಚದೆ ಹಿಂದಿರುಗುವುದಿಲ್ಲ. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಮುತ್ತುವ ಆ ನೋಟ ಕನ್ನಡಿಗರಿಗೆ ಚಿರಪರಿಚಿತ. ಅಷ್ಟು ಮೀನುಗಳಿದ್ದರೂ ಅಲ್ಲಿನ ನೀರು ಅವುಗಳಿಗೆ ವಿಷವಾಗದಿರುವುದೇಕೆ? ನದಿ ಹರಿಯುತ್ತಿದೆ. ಮೀನು ವಿಸರ್ಜಿಸಿದುದನ್ನು ಅದು ಆ ಕ್ಷಣವೇ ಹೊತ್ತೊಯ್ಯುತ್ತದೆ. ತಳದ ಕಲ್ಲು, ಮರಳು, ಪಾಚಿ, ಬೇರುಗಳಲ್ಲಿ ನೆಲೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿಕೊಳ್ಳುತ್ತವೆ. ಎರಡಡಿಯ ಗಾಜಿನ ತೊಟ್ಟಿಗೆ ಈ ಎರಡು ಭಾಗ್ಯಗಳೂ ಇಲ್ಲ. ಅಲ್ಲಿ ಮೀನು ಉಣ್ಣುವುದೂ, ಉಸಿರಾಡುವುದೂ, ವಿಸರ್ಜಿಸುವುದೂ ಅದೇ ಐವತ್ತು ಅರವತ್ತು ಲೀಟರ್ ನೀರಿನಲ್ಲಿ.

ಮೀನು ತಿಂದ ಆಹಾರದ ಪ್ರೋಟೀನಿನಲ್ಲಿ ಸಾರಜನಕವಿದೆ. ದೇಹಕ್ಕೆ ಬೇಡವಾದ ಸಾರಜನಕವನ್ನು ಮನುಷ್ಯನು ಯೂರಿಯವಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುತ್ತಾನೆ. ಮೀನಾದರೋ ಅದರ ಬಹುಭಾಗವನ್ನು ಕಿವಿರುಗಳ ಮೂಲಕ ಅಮೋನಿಯವಾಗಿಯೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಇವುಗಳಿಂದಲೂ ಹುಟ್ಟುವುದು ಅದೇ. ಬಣ್ಣವಿಲ್ಲದ ಈ ವಸ್ತು ತಿಳಿನೀರಿನಲ್ಲಿ ತಿಳಿಯಾಗಿಯೇ ಇರುತ್ತದೆ. ಕನ್ನಡಿಯಂತೆ ಹೊಳೆಯುವ ನೀರಿನಲ್ಲಿ ಮೀನಿನ ಕಿವಿರು ಸುಡುತ್ತಿರಬಹುದು. ನೋಡುವವರಿಗೆ ಅದರ ಸುಳಿವೇ ಹತ್ತದು.

ಇಲ್ಲೊಂದು ಸೂಕ್ಷ್ಮವುಂಟು. ನೀರಿನಲ್ಲಿ ಅಮೋನಿಯಕ್ಕೆ ಎರಡು ರೂಪ. ಅಮೋನಿಯಂ ಎಂಬ ರೂಪ ಅಷ್ಟಾಗಿ ಬಾಧಕವಲ್ಲ. ಬಿಡಿಯಾದ ಅಮೋನಿಯವೇ ಘಾತಕ. ಯಾವುದು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ನೀರಿನ ಕ್ಷಾರಗುಣ ಮತ್ತು ಉಷ್ಣತೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ ೭ ಇರುವ ನೀರಿನಲ್ಲಿ, ಸಾವಿರಕ್ಕೆ ಐದಾರು ಭಾಗ ಮಾತ್ರ ಘಾತಕ ರೂಪದಲ್ಲಿರುತ್ತದೆ. ಪಿಎಚ್ ೮ ಆದರೆ ಅದು ಸಾವಿರಕ್ಕೆ ಐವತ್ತನ್ನು ದಾಟುತ್ತದೆ. ಒಂದು ಮನೆಯಲ್ಲಿ ಬದುಕಿಕೊಂಡ ಮೀನು, ಕ್ಷಾರಗುಣದ ಕೊಳವೆಬಾವಿಯ ನೀರನ್ನು ಬಳಸುವ ಪಕ್ಕದ ಮನೆಯಲ್ಲಿ ಅದೇ ಆರೈಕೆಯಿಂದ ಸಾಯುವುದುಂಟು. ಮನೆಯವರು "ನಮ್ಮ ಕೈಗುಣ" ಎಂದು ಕೊರಗುತ್ತಾರೆ. ದೋಷವಿರುವುದು ಕೈಯಲ್ಲಲ್ಲ, ನೀರಿನ ಗುಣದಲ್ಲಿ.

ತಂದೆ ಕಂಡದ್ದು

ಗಾಜಿನ ಪಾತ್ರೆಯಲ್ಲಿ ಮೀನನ್ನೂ ಗಿಡವನ್ನೂ ಜೊತೆಗೂಡಿಸಿ ಬಾಳಿಸುವ ವಿದ್ಯೆಗೆ ಬಹಳ ಹಿಂದಿನ ಚರಿತ್ರೆಯೇನೂ ಇಲ್ಲ. ಲಂಡನ್ ನಗರದ ಅಪಾತಿಕರೀಸ್ ಹಾಲ್ ಎಂಬ ಹಳೆಯ ಭವನ ಔಷಧಕಾರರ ಸಂಘಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು ಕೆಲಸಮಾಡುತ್ತಿದ್ದನು. ೧೮೪೯ರಲ್ಲಿ ಆತನು ಸುಮಾರು ೧೨ ಗ್ಯಾಲನ್, ಎಂದರೆ ೫೪ ಲೀಟರ್ ಹಿಡಿಯುವ ಗಾಜಿನ ಪಾತ್ರೆಯೊಂದನ್ನು ತೆಗೆದುಕೊಂಡನು. ನಮ್ಮ ಎರಡಡಿಯ ತೊಟ್ಟಿಯ ಗಾತ್ರವೂ ಸರಿಸುಮಾರು ಅಷ್ಟೇ. ಅದರಲ್ಲಿ ಮರಳು, ಕೆಸರು, ಕಲ್ಲುಗಳನ್ನಿಟ್ಟು, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನು ಬಿಟ್ಟನು.

ಮೀನು ಬಿಡುವ ಅಂಗಾರಾಮ್ಲ ವಾಯುವನ್ನು ಗಿಡ ಹೀರುವುದು. ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುವುದು: ಇದು ಆತನ ಲೆಕ್ಕಾಚಾರ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕೆಲಕಾಲದಲ್ಲಿ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ವಾರಿಂಗ್‌ಟನ್ ಆಗ ಐದಾರು ಕೊಳದ ಬಸವನಹುಳುಗಳನ್ನು ಒಳಗೆ ಬಿಟ್ಟನು. ಅವು ಕೊಳೆತುದನ್ನು ತಿಂದುವು; ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು; ನೀರು ತಿಳಿಯಾಯಿತು. ೧೮೫೦ರ ಮಾರ್ಚ್ ತಿಂಗಳಲ್ಲಿ ಆತನು ಈ ಸಮತೋಲದ ವರದಿಯನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟನು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಎಂಬ ಗ್ರಂಥ ಪ್ರಕಟವಾಯಿತು. ಮೀನಿನ ತೊಟ್ಟಿಯನ್ನಿಡುವುದು ಇಂಗ್ಲೆಂಡಿನ ಮನೆಮನೆಯ ಹವ್ಯಾಸವಾಯಿತು.

ಮೀನು, ಗಿಡ, ಬಸವನಹುಳು: ಈ ಮೂವರನ್ನು ವಾರಿಂಗ್‌ಟನ್ ಲೆಕ್ಕಕ್ಕೆ ಹಿಡಿದನು. ನಾಲ್ಕನೆಯವರು ಆತನ ಕಣ್ಣಿಗೆ ಬೀಳಲಿಲ್ಲ. ಪಾತ್ರೆಯಲ್ಲಿ ಹರವಿದ ಕೆಸರಿನೊಡನೆ ಅವರು ತಾವಾಗಿಯೇ ಬಂದು ಸೇರಿರಬೇಕು. ಅಂದಿನ ವಿಜ್ಞಾನಕ್ಕೆ ಅವರ ಪರಿಚಯವೇ ಇರಲಿಲ್ಲ.

ಮಗ ಹುಡುಕಿದ್ದು

ಆ ಪಾತ್ರೆಯನ್ನು ಹೂಡಿದ ದಿನಗಳಲ್ಲಿ ವಾರಿಂಗ್‌ಟನ್ನನ ಮಗ ಹತ್ತು ಹನ್ನೊಂದು ವರ್ಷದ ಬಾಲಕ. ಅವನಿಗೂ ತಂದೆಯದೇ ಹೆಸರು. ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಅವನು ಕಲಿತದ್ದು ತಂದೆಯ ಪ್ರಯೋಗಶಾಲೆಯಲ್ಲಿಯೇ. ಮುಂದೆ ಅವನು ರಾಥಮ್‌ಸ್ಟೆಡ್ ಎಂಬಲ್ಲಿನ ಪ್ರಸಿದ್ಧ ವ್ಯವಸಾಯ ಪ್ರಯೋಗಕ್ಷೇತ್ರವನ್ನು ಸೇರಿದನು. ಅಲ್ಲಿ ಅವನನ್ನು ಕಾಡಿದ ಪ್ರಶ್ನೆ ಮೀನಿನದಲ್ಲ, ಹೊಲದ್ದು: ಮಣ್ಣಿಗೆ ಹಾಕಿದ ಗೊಬ್ಬರದ ಅಮೋನಿಯ ಕೆಲವು ವಾರಗಳಲ್ಲಿ ಹೇಗೆ ನೈಟ್ರೇಟ್ ಆಗಿಬಿಡುತ್ತದೆ? ಇದು ಕೇವಲ ರಾಸಾಯನಿಕ ಕ್ರಿಯೆಯೇ, ಅಥವಾ ಇದರ ಹಿಂದೆ ಯಾವುದಾದರೂ ಜೀವವಿದೆಯೇ?

ಸುಳಿವು ಬಂದದ್ದು ಫ್ರಾನ್ಸಿನಿಂದ. ೧೮೭೭ರಲ್ಲಿ ಶ್ಲೊಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಕಾಯಿಸಿ ಶುದ್ಧಮಾಡಿದ ಮರಳಿಗೆ ಸ್ವಲ್ಪ ಸುಣ್ಣಕಲ್ಲನ್ನು ಬೆರೆಸಿ, ಉದ್ದನೆಯ ಗಾಜಿನ ಕೊಳವೆಯಲ್ಲಿ ತುಂಬಿ, ಅದರ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ನಡೆಯಲಿಲ್ಲ. ಮೇಲಿನಿಂದ ಹೊಕ್ಕ ಅಮೋನಿಯ ಕೆಳಗಿನಿಂದ ಅಮೋನಿಯವಾಗಿಯೇ ಹೊರಬಂದಿತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡು, ದಿನದಿನಕ್ಕೂ ಹೆಚ್ಚಿ, ಕಡೆಗೆ ಅಮೋನಿಯ ಇಲ್ಲದಂತಾಯಿತು. ಕೇವಲ ರಾಸಾಯನಿಕ ಕ್ರಿಯೆಯಾಗಿದ್ದರೆ ಅದು ಮೊದಲ ದಿನವೇ ಆರಂಭವಾಗಬೇಕಿತ್ತು. ಇಪ್ಪತ್ತು ದಿನ ಕಾಯಬೇಕಾದ ಕಾರಣವೇನು? ಸಂಶಯ ಪರಿಹಾರಕ್ಕಾಗಿ ಅವರು ಕೊಳವೆಯೊಳಕ್ಕೆ ಕ್ಲೋರೊಫಾರಂ ಆವಿಯನ್ನು ಹಾಯಿಸಿದರು. ಕ್ರಿಯೆ ನಿಂತುಹೋಯಿತು. ಆವಿಯೆಲ್ಲ ಹೋದ ಮೇಲೆಯೂ ಅದು ಮತ್ತೆ ಆರಂಭವಾಗಲಿಲ್ಲ. ಬಳಿಕ ತೋಟದ ಮಣ್ಣು ಕದಡಿದ ನೀರನ್ನು ಎರೆದರು. ಕೆಲವು ದಿನಗಳಲ್ಲಿ ಕೊಳವೆ ಮತ್ತೆ ಕೆಲಸಕ್ಕೆ ತೊಡಗಿತು. ಮರಳಿನಲ್ಲಿ ಯಾರೋ ವಾಸವಾಗಿದ್ದರೆಂಬುದು ನಿಶ್ಚಯವಾಯಿತು.

ರಾಥಮ್‌ಸ್ಟೆಡ್ಡಿನಲ್ಲಿ ಕಿರಿಯ ವಾರಿಂಗ್‌ಟನ್ ಇದನ್ನು ಪರೀಕ್ಷಿಸಿ ದೃಢಪಡಿಸಿದನು. ಅಷ್ಟಕ್ಕೇ ನಿಲ್ಲದೆ, ಇದು ಎರಡು ಮೆಟ್ಟಿಲಿನ ಕೆಲಸವೆಂದೂ ತೋರಿಸಿದನು. ಅಮೋನಿಯ ಮೊದಲು ನೈಟ್ರೈಟ್ ಆಗುತ್ತದೆ. ಆಮೇಲೆ ನೈಟ್ರೈಟ್ ನೈಟ್ರೇಟ್ ಆಗುತ್ತದೆ. ಆದರೆ ಆ ಕೆಲಸಗಾರರನ್ನು ಹಿಡಿದು ಬೇರ್ಪಡಿಸುವುದು ಮಾತ್ರ ಅವನಿಂದ ಸಾಧ್ಯವಾಗಲಿಲ್ಲ. ಅಂದಿನ ರೂಢಿಯಂತೆ ಸೂಕ್ಷ್ಮಜೀವಿಗಳಿಗೆ ಜೆಲಟಿನ್ ಎಂಬ ಪುಷ್ಟಿಯಾದ ಆಹಾರವನ್ನಿಟ್ಟು ಅವನು ವರ್ಷಗಟ್ಟಲೆ ಕಾದನು. ಅವು ಬರಲಿಲ್ಲ. ೧೮೯೦ರಲ್ಲಿ ಜ್ಯೂರಿಕ್ ನಗರದಲ್ಲಿ ಸೆರ್ಗೆ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಅದರ ಗುಟ್ಟನ್ನು ಬಿಡಿಸಿದನು. ಇವು ಮೃಷ್ಟಾನ್ನ ಬಡಿಸಿದರೆ ಮುಟ್ಟದ ತಪಸ್ವಿಗಳು. ಅಮೋನಿಯದಿಂದ ಶಕ್ತಿಯನ್ನೂ, ನೀರಿನಲ್ಲಿ ಕರಗಿದ ಅಂಗಾರಾಮ್ಲದಿಂದ ಮೈಯನ್ನೂ ಪಡೆದುಕೊಂಡು, ಬೇರಾವ ಅನ್ನವನ್ನೂ ಬಯಸದೆ ಬಾಳುವ ಜೀವಿಗಳು. ಖನಿಜ ಲವಣಗಳನ್ನು ಮಾತ್ರ ಕೊಟ್ಟಾಗ ಅವು ಬೆಳೆದುವು.

ತಂದೆ ವಾರಿಂಗ್‌ಟನ್ ೧೮೬೭ರಲ್ಲಿಯೇ ತೀರಿಕೊಂಡಿದ್ದನು. ತನ್ನ ಗಾಜಿನ ಪಾತ್ರೆಯ ನಾಲ್ಕನೆಯ ಒಕ್ಕಲಿನ ಸುಳಿವು ಅವನಿಗೆ ದೊರೆಯಲೇ ಇಲ್ಲ. ಮಗ ಹೊಲದ ಮಣ್ಣಿನಲ್ಲಿ ಅರಸಿದುದೂ ತಂದೆಯ ತೊಟ್ಟಿಯನ್ನು ಕಾಪಾಡಿದುದೂ ಒಂದೇ ಬಗೆಯ ಜೀವವೆಂಬುದು ಇಂದು ಎಲ್ಲರೂ ಬಲ್ಲ ಸಂಗತಿ.

ಈ ಕಥೆ ಇನ್ನೂ ಮುಗಿದಿಲ್ಲ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಅರಗಿಸುವವರು ಹಿಂದೆ ಭಾವಿಸಿದಂತೆ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರದ ಬಳಗದವರು ಎಂದು ೧೯೯೮ರಲ್ಲಿ ತಿಳಿದುಬಂದಿತು. ೨೦೦೫ರಲ್ಲಿ ಅಮೆರಿಕದ ಸಿಯಾಟಲ್ ಮತ್ಸ್ಯಾಲಯದ ತೊಟ್ಟಿಯೊಂದರ ಜಲ್ಲಿಯಿಂದ, ಅಮೋನಿಯವನ್ನು ಅರಗಿಸಬಲ್ಲ ಆರ್ಕಿಯ ಎಂಬ ಬೇರೊಂದು ಕುಲದ ಜೀವಿಯನ್ನು ಬೇರ್ಪಡಿಸಿದರು. ೨೦೧೫ರಲ್ಲಿ ಎರಡೂ ಮೆಟ್ಟಿಲುಗಳನ್ನು ಒಂಟಿಯಾಗಿಯೇ ಹತ್ತಬಲ್ಲ ನೈಟ್ರೊಸ್ಪೈರಗಳು ಪತ್ತೆಯಾದುವು. ಮನೆಯ ಮೂಲೆಯ ತೊಟ್ಟಿಯ ಸ್ಪಂಜಿನಲ್ಲಿ ಪಂಡಿತರನ್ನು ಬೆರಗುಗೊಳಿಸುವಷ್ಟು ದೊಡ್ಡ ಪ್ರಪಂಚವೇ ಅಡಗಿದೆ.

ಮೀನಿಲ್ಲದ ಆರು ವಾರ

ಇಷ್ಟು ತಿಳಿದ ಮೇಲೆ ಆ ಮನೆಯ ಮೊದಲ ಆರು ಮೀನುಗಳ ಗತಿ ಅರ್ಥವಾಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇಲ್ಲವೆನ್ನುವಷ್ಟು ಕಡಮೆ. ಅವು ಬೆಳೆಯುವುದೂ ಬಲು ನಿಧಾನ. ಕೆಲವು ಬಗೆಯ ಬ್ಯಾಕ್ಟೀರಿಯಗಳು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಈ ತಪಸ್ವಿಗಳು ಇಮ್ಮಡಿಯಾಗಲು ಹಲವು ಗಂಟೆಗಳು, ಎಷ್ಟೋ ವೇಳೆ ಒಂದು ದಿನವೇ ಬೇಕು. ಆದ್ದರಿಂದ ಮೀನನ್ನು ತರುವ ಮೊದಲು ತೊಟ್ಟಿಯನ್ನು ನಾಲ್ಕರಿಂದ ಆರು ವಾರ ಹದಗೊಳಿಸಬೇಕೆಂಬ ನಿಯಮ ಹುಟ್ಟಿಕೊಂಡಿತು. ಹಿಂದೆ ಗಟ್ಟಿಮುಟ್ಟಾದ ಅಗ್ಗದ ಮೀನುಗಳನ್ನು ಮೊದಲು ಬಿಟ್ಟು, ಅವು ಸತ್ತರೆ ಸಾಯಲಿ ಎಂದು ತೊಟ್ಟಿಯನ್ನು ಪಳಗಿಸುವ ರೂಢಿಯಿತ್ತು. ಅಗ್ಗದ ಮೀನಿಗೂ ಕಿವಿರು ಸುಡುತ್ತದೆ. ಮೀನಿಲ್ಲದೆಯೇ ಈ ಕೆಲಸ ಸಾಗುವಾಗ ಆ ಹಿಂಸೆಗೆ ಕಾರಣವೇ ಇಲ್ಲ.

ಕ್ರಮ ಕಠಿಣವೇನಲ್ಲ. ನಲ್ಲಿಯ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಿರುತ್ತಾರೆ; ಅದು ಈ ಉಪಕಾರಿ ಜೀವಿಗಳನ್ನೂ ಬಿಡದು. ಅಗಲಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ನೀರನ್ನಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕ್ಲೋರಮೀನ್ ಬೆರೆಸಿದ ನೀರಾದರೆ ಹಾಗೆ ಹೋಗದು, ಅದಕ್ಕೆ ಅಂಗಡಿಯಲ್ಲಿ ದೊರೆಯುವ ನಿವಾರಕವನ್ನು ಹಾಕಬೇಕು. ತೊಟ್ಟಿಯನ್ನು ತುಂಬಿ, ಗಿಡಗಳನ್ನು ನೆಟ್ಟು, ಫಿಲ್ಟರನ್ನು ಹಗಲಿರುಳೂ ನಡೆಸತಕ್ಕದ್ದು. ಈ ಜೀವಿಗಳು ತೇಲಾಡುವವಲ್ಲ; ಸ್ಪಂಜು, ಮರಳು, ಎಲೆ, ಗಾಜು ಇವುಗಳ ಮೈಗೆ ಅಂಟಿಕೊಂಡು ಬಾಳುವುವು. ಸ್ಪಂಜಿನ ಮೂಲಕ ನೀರು ಹಾಯುತ್ತಿದ್ದರೆ ಅವುಗಳಿಗೆ ಅನ್ನವೂ ಆಮ್ಲಜನಕವೂ ಒಟ್ಟಿಗೆ ಒದಗುತ್ತವೆ.

ಇನ್ನು ಅವುಗಳಿಗೆ ಊಟ. ಮೀನಿಲ್ಲದ ತೊಟ್ಟಿಗೆ ಅಮೋನಿಯ ಎಲ್ಲಿಂದ ಬರಬೇಕು? ಹಳೆಯ ತಲೆಮಾರಿನವರಿಗೆ ನೆನಪಿರಬಹುದು: ಕಲಾಯಿ ಹಾಕುವವನು ಬೀದಿಯಲ್ಲಿ ಕುಳಿತು ತಿದಿಯೊತ್ತಿ, ಕಾದ ಹಿತ್ತಾಳೆಯ ಪಾತ್ರೆಗೆ ಬಿಳಿಯ ಪುಡಿಯೊಂದನ್ನು ಉಜ್ಜುತ್ತಿದ್ದನು, ಮೂಗಿಗೆ ಅಡರುವ ಹೊಗೆ ಏಳುತ್ತಿತ್ತು. ಆ ನವಸಾಗರವೇ ಅಮೋನಿಯಂ ಕ್ಲೋರೈಡ್. ಪೇಟೆಯ ಕಲಬೆರಕೆಯ ಪುಡಿಯಲ್ಲ, ಪ್ರಯೋಗಶಾಲೆಗೆಂದು ಮಾರುವ ಶುದ್ಧವಾದುದನ್ನು ತಂದು, ೬೦ ಲೀಟರ್ ನೀರಿಗೆ ಸುಮಾರು ೦.೪ ಗ್ರಾಂ ಕರಗಿಸಿದರೆ ಲೀಟರಿಗೆ ೨ ಮಿಲಿಗ್ರಾಂನಷ್ಟು ಅಮೋನಿಯ ಒದಗುತ್ತದೆ. ಅದು ತೊಡಕೆನಿಸಿದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕಿ ಕೊಳೆಯಲು ಬಿಡಬಹುದು. ಗಿಡಗಳಿಗೆಂದು ಮಾರುವ ಫಲವತ್ತಾದ ಮಣ್ಣನ್ನು ತಳಕ್ಕೆ ಹಾಸಿದ್ದರೆ, ಮೊದಲ ಕೆಲವು ವಾರ ಆ ಮಣ್ಣೇ ಅಮೋನಿಯವನ್ನು ಬಿಡುವುದುಂಟು. ಆಗ ಪರೀಕ್ಷಿಸಿ ನೋಡದೆ ಹೊರಗಿನಿಂದ ಏನನ್ನೂ ಸೇರಿಸಬಾರದು.

ಮುಂದೆ ನಡೆಯುವುದನ್ನು ಬರಿಗಣ್ಣಿನಿಂದ ಕಾಣುವಂತಿಲ್ಲ. ಅದಕ್ಕಾಗಿ ಹನಿಗಳನ್ನು ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆ ಅವಶ್ಯ. ಮೊದಲ ವಾರ ಅಮೋನಿಯ ಒಂದೇ ಕಾಣುತ್ತದೆ. ಈ ನಡುವೆ ನೀರು ಹಾಲಿನಂತೆ ಮಬ್ಬಾದರೆ ಹೆದರಬೇಕಾಗಿಲ್ಲ; ಕೊಳೆತುದನ್ನು ತಿನ್ನುವ ಬೇರೆ ಬ್ಯಾಕ್ಟೀರಿಯಗಳ ದಂಡು ಅದು, ತಾನಾಗಿಯೇ ಕರಗುತ್ತದೆ. ಎರಡನೆಯ ಮೂರನೆಯ ವಾರದಲ್ಲಿ ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ. ಮೋಸಹೋಗುವುದು ಇಲ್ಲಿಯೇ. ಅಮೋನಿಯ ಹೋಯಿತೆಂದು ಮೀನನ್ನು ತಂದರೆ ನೈಟ್ರೈಟ್ ಅದರ ರಕ್ತವನ್ನು ಹೊಕ್ಕು, ಆಮ್ಲಜನಕವನ್ನು ಹೊರುವ ಹೀಮೊಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಂಪು ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಆಮ್ಲಜನಕ ತುಂಬಿದ ನೀರಿನಲ್ಲಿಯೇ ಮೀನು ಉಸಿರುಕಟ್ಟಿ ಮೇಲ್ಮೈಗೆ ಬಂದು ಬಾಯ್ಬಿಡುತ್ತದೆ. ಎರಡನೆಯ ಮೆಟ್ಟಿಲಿನ ಜೀವಿಗಳು ಬಲಿತು ನೈಟ್ರೈಟೂ ಇಳಿಯುವವರೆಗೆ ಕಾಯಲೇಬೇಕು. ಆಗ ಉಳಿಯುವುದು ನೈಟ್ರೇಟ್. ಮಿತಿಯಲ್ಲಿದ್ದರೆ ಅದರಿಂದ ಮೀನಿಗೆ ಅಪಾಯವಿಲ್ಲ. ಗಿಡಕ್ಕಂತೂ ಅದು ಗೊಬ್ಬರ.

ಮನೆ ಸಿದ್ಧವಾಯಿತೆಂದು ತಿಳಿಯುವ ಬಗೆ ಇದು: ಲೀಟರಿಗೆ ೨ ಮಿಲಿಗ್ರಾಂನಂತೆ ಮತ್ತೊಮ್ಮೆ ಅಮೋನಿಯ ಕೊಡುವುದು. ೨೪ ಗಂಟೆಗಳಲ್ಲಿ ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆಗಿಳಿದರೆ ಒಕ್ಕಲು ನೆಲೆನಿಂತಿದೆ. ಪಂಚಾಂಗ ನೋಡಬೇಕಾದುದಿಲ್ಲ, ಮೀನಿನ ಗೃಹಪ್ರವೇಶಕ್ಕೆ ಅದೇ ಮುಹೂರ್ತ.

ಹೆಪ್ಪು ಮತ್ತು ಹಸುರು

ಆರು ವಾರ ಕಾಯುವುದು ಮಕ್ಕಳಿರುವ ಮನೆಯಲ್ಲಿ ಸುಲಭದ ಮಾತಲ್ಲ. ಕಾಲವನ್ನು ಕುಗ್ಗಿಸುವ ಉಪಾಯ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಹಾಲು ಮೊಸರಾಗಬೇಕಾದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುವುದಿಲ್ಲವೆ? ಹಾಗೆಯೇ, ಆರೋಗ್ಯವಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು, ಒದ್ದೆಯಾರದಂತೆ ತಂದು, ಹೊಸ ಫಿಲ್ಟರಿನಲ್ಲಿಟ್ಟರೆ ವಾರಗಳ ಕೆಲಸ ದಿನಗಳಲ್ಲಿ ಮುಗಿಯಬಹುದು. ಹಳೆಯ ತೊಟ್ಟಿಯ ನೀರನ್ನು ಕೊಡ ತುಂಬ ತಂದರೆ ಮಾತ್ರ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಒಕ್ಕಲಿರುವುದು ನೀರಿನಲ್ಲಲ್ಲ. ಸ್ಪಂಜು ಕೊಡುವ ತೊಟ್ಟಿಯಲ್ಲಿ ರೋಗವಿಲ್ಲವೆಂಬುದನ್ನು ವಿಚಾರಿಸಿಕೊಳ್ಳುವುದು ಲೇಸು. ಸೀಸೆಯಲ್ಲಿ ಮಾರುವ ಜೀವಿಗಳೂ ಉಂಟು. ಅವುಗಳ ಫಲ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರದು. ಏನನ್ನು ಹಾಕಿದರೂ ಕಡೆಯ ಮಾತು ಪರೀಕ್ಷೆಯ ಬಣ್ಣದ್ದೇ.

ಎರಡನೆಯ ನೆರವು ಗಿಡಗಳದು. ಬಹುತೇಕ ಜಲಸಸ್ಯಗಳಿಗೆ ನೈಟ್ರೇಟಿಗಿಂತ ಅಮೋನಿಯಂ ಹೆಚ್ಚು ಪ್ರಿಯ. ಡಯಾನ ವಾಲ್‌ಸ್ಟಡ್ ಎಂಬ ಅಮೆರಿಕದ ಲೇಖಕಿ ೧೯೯೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಮೊದಲ ದಿನದಿಂದಲೇ ತೊಟ್ಟಿಯ ತಳವನ್ನು ಮುಚ್ಚುವಷ್ಟು ದಟ್ಟವಾಗಿ, ಬೇಗನೆ ಬೆಳೆಯುವ ಗಿಡಗಳನ್ನು ನೆಟ್ಟರೆ ಅಮೋನಿಯದ ಒಂದು ಪಾಲನ್ನು ಅವೇ ಉಣ್ಣುತ್ತವೆ. ಇದಕ್ಕೆ ಪರದೇಶದ ಗಿಡಗಳೇ ಆಗಬೇಕೆಂದಿಲ್ಲ. ವಾರಿಂಗ್‌ಟನ್ ನೆಟ್ಟ ವ್ಯಾಲಿಸ್ನೇರಿಯದ ಕುಲ ನಮ್ಮ ದೇಶದ ಕೆರೆ ಹೊಳೆಗಳಲ್ಲಿಯೂ ಉಂಟು. ಹೈಡ್ರಿಲ್ಲ ನಮ್ಮ ಕೆರೆಗಳಲ್ಲಿ ಬೇಡವೆಂದರೂ ಬೆಳೆಯುತ್ತದೆ. ಲಿಮ್ನೊಫಿಲ, ರೊಟಾಲ ಕುಲದ ಗಿಡಗಳು ಗದ್ದೆಯ ಕಳೆಗಳಾಗಿ ರೈತನಿಗೆ ಪರಿಚಿತ. ಪ್ರಪಂಚದ ತೊಟ್ಟಿಗಳನ್ನು ಕೆಂಪಾಗಿ ಅಲಂಕರಿಸುವ ರೊಟಾಲ ಮಕ್ರಾಂಡ್ರ ದಕ್ಷಿಣ ಭಾರತದ ಮೂಲದ್ದೇ. ಕೆರೆಯಿಂದ ತಂದ ಗಿಡವನ್ನು ಚೆನ್ನಾಗಿ ತೊಳೆದು, ಕೆಲವು ದಿನ ಬೇರೆ ಪಾತ್ರೆಯಲ್ಲಿಟ್ಟು, ಹುಳುಹುಪ್ಪಟೆ ಇಲ್ಲವೆಂದು ಕಂಡ ಮೇಲೆ ನೆಡುವುದು ಕ್ಷೇಮ.

ನೆಟ್ಟ ಮೊದಲ ವಾರಗಳಲ್ಲಿ ಕೆಲವು ಗಿಡಗಳ ಎಲೆಗಳು ಕರಗಿ ಬೀಳುವುದುಂಟು. ಅನೇಕ ಗಿಡಗಳನ್ನು ಸಾಕುವವರು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರಿನೊಳಗೆ ಬಾಳಲು ಅವು ಹೊಸ ಎಲೆಗಳನ್ನೇ ತಳೆಯಬೇಕು. ಗಿಡ ಸತ್ತಿತೆಂದು ಕಿತ್ತೆಸೆಯದೆ, ಕೊಳೆತ ಎಲೆಯನ್ನಷ್ಟೇ ತೆಗೆದು ಕಾದರೆ ಬುಡದಲ್ಲಿ ಚಿಗುರು ಕಾಣುತ್ತದೆ. ಗಾಜಿನ ಮೇಲೆ ಕಂದುಬಣ್ಣದ ಪಾಚಿಯ ಪುಡಿ ಕೂತರೂ ಎದೆಗೆಡಬಾರದು. ಅದು ಹೊಸ ತೊಟ್ಟಿಯ ಬಾಲಗ್ರಹ, ಬಹುತೇಕ ತಾನೇ ಬಿಟ್ಟುಹೋಗುತ್ತದೆ. ದೀಪವನ್ನು ದಿನಕ್ಕೆ ಆರು ಗಂಟೆಗೆ ಮಿತಗೊಳಿಸಿದರೆ ಹಸುರು ಪಾಚಿಯ ಹಾವಳಿಯೂ ಹತೋಟಿಯಲ್ಲಿರುತ್ತದೆ.

ಅತಿಥಿ ಬಂದ ಮೇಲೆ

ಮುಹೂರ್ತ ಕೂಡಿದ ದಿನ ಅರ್ಧದಷ್ಟು ಹಳೆಯ ನೀರನ್ನು ತೆಗೆದು ಕ್ಲೋರಿನ್ ಇಲ್ಲದ ಹೊಸ ನೀರನ್ನು ತುಂಬಿ, ಎರಡು ಮೂರು ಮೀನುಗಳನ್ನು ಮಾತ್ರ ಬಿಡತಕ್ಕದ್ದು. ಒಕ್ಕಲಿನ ಸಂಖ್ಯೆ ದೊರೆಯುವ ಅನ್ನಕ್ಕೆ ತಕ್ಕಷ್ಟೇ. ಮೀನು ಒಮ್ಮೆಲೇ ಹೆಚ್ಚಿದರೆ ಅದಕ್ಕೆ ಸಮನಾಗಿ ಜೀವಿಗಳು ಹೆಚ್ಚಲು ಮತ್ತೆ ಕಾಲ ಬೇಕು. ಎರಡು ವಾರ ಬಿಟ್ಟು ಇನ್ನೆರಡನ್ನು ತರಬಹುದು. ಆಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ಸ್ಪಂಜು ಕಟ್ಟಿಕೊಂಡಾಗ ಅದನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲನೆ ಹಿಂಡಬೇಕು. ಸೋಪು ಆ ತೊಟ್ಟಿಯ ಹತ್ತ��ರಕ್ಕೂ ಬರಬಾರದು. ನಮ್ಮ ಪಾತ್ರೆಗೆ ಶುಚಿ ಎನಿಸುವುದು ಮೀನಿನ ಮನೆಗೆ ಸರ್ವನಾಶ.

ಇದಾವುದನ್ನೂ ತಿಳಿಯದೆ ಈಗಾಗಲೇ ಮೀನುಗಳನ್ನು ತಂದವರೂ ಉಂಟು. ಅವರು ಆಹಾರವನ್ನು ಎರಡು ದಿನಕ್ಕೊಮ್ಮೆ, ಅದೂ ಸ್ವಲ್ಪವೇ ಕೊಟ್ಟು, ದಿನವೂ ನೀರನ್ನು ಪರೀಕ್ಷಿಸುತ್ತ, ಅಮೋನಿಯವಾಗಲಿ ನೈಟ್ರೈಟಾಗಲಿ ಕಂಡ ದಿನ ಕಾಲುಭಾಗದಿಂದ ಅರ್ಧದವರೆಗೆ ನೀರನ್ನು ಬದಲಿಸುತ್ತ ಬಂದರೆ ಅನೇಕ ಮೀನುಗಳನ್ನು ಉಳಿಸಿಕೊಳ್ಳಬಹುದು. ಶ್ರಮದ ಕೆಲಸ ನಿಜ. ಆದರೆ ಕರೆದು ತಂದ ಅತಿಥಿಗೆ ಅಷ್ಟು ಋಣವಿದೆ.

ಮೊದಲ ಆರು ಮೀನುಗಳನ್ನು ಕಳೆದುಕೊಂಡ ಆ ಮನೆಯಲ್ಲಿ ಕೆಲವು ತಿಂಗಳ ಮೇಲೆ ತೊಟ್ಟಿಗೆ ಮತ್ತೆ ನೀರು ತುಂಬಿತು. ಈ ಬಾರಿ ಒಳಗೆ ಗಿಡಗಳು ಮಾತ್ರ. ಮಗಳು ಸಂಜೆ ಶಾಲೆಯಿಂದ ಬಂದವಳೇ ಗಾಜಿನ ಸಣ್ಣ ಕೊಳವೆಯಲ್ಲಿ ನೀರನ್ನು ಹಿಡಿದು ಹನಿ ಹಾಕುವಳು. ಕಂಡ ಬಣ್ಣವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತಿಸುವಳು. ಹಸುರು, ಹಸುರು, ಮತ್ತೆ ಹಸುರು. ಎರಡು ವಾರದ ಮೇಲೆ ನೈಟ್ರೈಟಿನ ನೇರಳೆ ಕಾಣಿಸಿಕೊಂಡಿತು.

"ಮೀನೇ ಇಲ್ಲದ ತೊಟ್ಟಿಗೆ ದಿನಾ ದೀಪ ಹಚ್ಚುತ್ತೀಯಲ್ಲೇ" ಎಂದು ಅಜ್ಜಿ ನಕ್ಕರು.

"ಒಳಗೆ ಇದ್ದಾರೆ ಅಜ್ಜಿ, ಕಾಣಿಸುವುದಿಲ್ಲ ಅಷ್ಟೆ" ಎಂದಳು ಮಗಳು.

ಐದನೆಯ ವಾರ ಕಳೆದ ಮೇಲೆ ಒಂದು ಸಂಜೆ ಎರಡು ಕೊಳವೆಗಳಲ್ಲಿ ಒಂದು ಹಳದಿ, ಒಂದು ತಿಳಿನೀಲಿ ಉಳಿಯಿತು. ಎರಡೂ ಸೊನ್ನೆಯ ಬಣ್ಣ. ಆ ಭಾನುವಾರ ತಂದೆ ಮೂರು ಪ್ಲಾಟಿ ಮೀನುಗಳನ್ನು ತಂದರು. ಗಿಡಗಳ ನಡುವೆ ಅವು ಮರೆಯಾಗಿ, ಮತ್ತೆ ಹೊರಬಂದು, ಗಾಜಿನಾಚೆಯ ಮುಖಗಳನ್ನು ನೋಡಿದುವು. ತಾಯಿ ಸೋಪಿನ ಡಬ್ಬಿಯನ್ನು ಅಡಿಗೆಮನೆಯಿಂದ ಈಚೆಗೆ ತರಲಿಲ್ಲ. ಮಗಳು ಹೆಸರಿಡಲು ಅವಸರಪಡಲಿಲ್ಲ. ಹತ್ತನೆಯ ದಿನ ಕಳೆದು, ಹನ್ನೊಂದನೆಯ ದಿನ ಬೆಳಿಗ್ಗೆ ಮೂರೂ ಮೀನುಗಳು ಊಟಕ್ಕೆ ಓಡಿಬಂದಾಗ, ಅಜ್ಜಿಯನ್ನು ಕರೆದು, ಒಂದೊಂದಾಗಿ ಬೆರಳು ತೋರಿಸಿ ಹೆಸರು ಹೇಳಿದಳು.